ಅಪ್ಪಯ್ಯ ಹೇಳಿದ ಫಲಿತಾಂಶ

ಆ ಸಲ ಬೈಂದೂರು ಕ್ಷೇತ್ರದಲ್ಲಿ ಯಾವ ಪಕ್ಷ ಗೆಲ್ಲುತ್ತದೆಂದು ಬರೆಯುವ ಕೆಲಸವನ್ನು ನಮ್ಮ ವಾರಪತ್ರಿಕೆಯ ಸಂಪಾದಕ ಉಮಾನಾಥರು ನನಗೆ ಕೊಟ್ಟರು. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಕುಂದಾಪುರದ ಆಫೀಸಿನಿಂದ ನೆಟ್ಟಗೆ ನಮ್ಮೂರ ಕಡಲಬದಿಗೆ ಹೋದೆ. ಮೀನುಗಾರರ ಮತ ಯಾವ ಕಡೆಗೋ ಗೆಲುವೂ ಆ ಕಡೆಗೇ ಎಂದು ಎಲ್ಲರೂ ಹೇಳುತ್ತಿದ್ದರು. ಮೀನುಗಾರನ ಮಗಳಾದ ನನಗಿಂತ ಚೆನ್ನಾಗಿ ಅವರನ್ನು ಕೇಳಬಲ್ಲವರು ಯಾರು ಎಂಬ ಜಂಬವೂ ನನಗಿತ್ತೆನ್ನಿ.

ದೋಣಿ ಎಳೆಯುತ್ತಿದ್ದವರು, ಬಲೆ ಸರಿಮಾಡುತ್ತಿದ್ದವರು, ಎಲ್ಲರೂ ತಲೆಯಾಡಿಸಿ ನಮ್ಮೂರಿನವನೇ ಆದ ಅಭ್ಯರ್ಥಿಗೆ ಕಷ್ಟವೆಂದೇ ಹೇಳಿದರು. ಕೊನೆಗೆ ಅಪ್ಪಯ್ಯನನ್ನೇ ಕೇಳಿದೆ. ಆ ಅಭ್ಯರ್ಥಿಗಾಗಿ ಮನೆಮನೆ ತಿರುಗಿದವನು ಅವನು.

"ಈ ಸಲ ಕಷ್ಟ ಮಗಾ. ನಮ್ಮವ ಗೆಲ್ಲೂದ್ ಸುಳ್ಳ್," ಅಂದ, ಬಲೆಯಿಂದ ತಲೆ ಎತ್ತದೆ.

ಪಕ್ಷದವನೇ ಹೀಗಂದ ಮೇಲೆ ಇನ್ನೇನು? ಊರಿನ ಅಭ್ಯರ್ಥಿ ಸೋಲುತ್ತಾನೆಂದು ಧೈರ್ಯವಾಗಿ ಬರೆದೆ. ಅವನು ಗೆದ್ದ. ಬರೀ ಗೆಲುವಲ್ಲ, ಭರ್ಜರಿ ಗೆಲುವು. ಉಮಾನಾಥರು ಫೋನ್ ಮಾಡಿ, ಸೋಮವಾರ ಬಂದು ಕಾಣು, ನಿನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಯೋಚಿಸಬೇಕು ಎಂದರು.

ಪಟಾಕಿ ಹೊಡೆದು ಬಂದ ಅಪ್ಪಯ್ಯನ ಮೇಲೆ ಹರಿಹಾಯ್ದೆ. "ನಂಗೆ ಎಂತಕೆ ಸುಳ್ಳ್ ಹೇಳ್ದದ್?"

ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಗೆಲ್ತ ಅಂದೇಳಿ ಮುಂಚೆ ಹೇಳುಕಾತ್ತಾ? ಹಾಂಗ್ ಹೇಳಿರೆ ಮೀನ್ ಬತ್ತಾ?"

ಅಮ್ಮ ನಗತೊಡಗಿದಳು. ಬಲೆ ಬೀಸುವ ಮೊದಲೇ ಒಳ್ಳೆಯದನ್ನು ಆಡಿದರೆ ಕಡಲು ಕೈಬಿಡುತ್ತದೆಂದು ನಂಬಿದವರು ನಮ್ಮವರು. ದೋಣಿ ಇಳಿಸುವಾಗ ಯಾರು ಕೇಳಿದರೂ 'ಇವತ್ತ್ ಎಂತದೂ ಇಲ್ಲೆ' ಎಂದೇ ಹೇಳುತ್ತಾರೆ. ಅದನ್ನು ಕೇಳಿಯೇ ಬೆಳೆದವಳು ನಾನು. ಪತ್ರಿಕೆಯವಳಾದದ್ದೇ ತಡ, ಎಲ್ಲ ಮರೆತುಹೋಗಿತ್ತು. ನನ್ನ ಮೇಲೇ ಸಿಟ್ಟು ಬಂತು, ಆದರೂ ಅಪ್ಪಯ್ಯನ ಮೇಲೆ ಬಂದಷ್ಟಲ್ಲ.

ಸೋಮವಾರ ಅವನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಬಸ್ ಹತ್ತಿದ. ಬೇಡವೆಂದರೂ ಕೇಳಲಿಲ್ಲ.

"ಹ್ವಾಯ್, ತಪ್ಪ್ ಇವ್ಳ್ದಲ್ಲ. ನಾವ್ ಹೇಳ್ದದ್ದೇ ಹಾಂಗೆ," ಎಂದು ಉಮಾನಾಥರಿಗೆ ಎಲ್ಲವನ್ನೂ ನಿಂತೇ ವಿವರಿಸಿದ.

ಉಮಾನಾಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಪ್ಪಯ್ಯನ ಕಡೆ ತಿರುಗಿದರು. "ಹಾಂಗಾರೆ ಇವ್ಳ್ ಇದ್ದ್ ನಂಗೆಂತ ಪ್ರಯೋಜನ ಬಚ್ಚಣ್ಣ? ಬಪ್ಪ ತಿಂಗ್ಳ್ ತಾಲೂಕ್ ಪಂಚಾಯ್ತಿ ಚುನಾವಣೆ. ಆಗ್ಳೂ ನೀವ್ ಹೀಂಗೇ ಹೇಳ್ತ್ರಿ ಅಲ್ದಾ?"

ಆ ಚುನಾವಣೆಗೆ ನಮ್ಮೂರಿಂದ ನಿಂತಿದ್ದವನು ಅಪ್ಪಯ್ಯನ ಸ್ವಂತ ತಮ್ಮ ಚಂದ್ರ. ಅಪ್ಪಯ್ಯ ನನ್ನನ್ನು ನೋಡಿದ. ಅವನು ಅಷ್ಟು ಹೆದರಿದ್ದನ್ನು ನಾನು ಮಳೆಗಾಲದ ಕಡಲಿನೆದುರೂ ಕಂಡಿರಲಿಲ್ಲ.

"ಚಂದ್ರ ಗೆಲ್ತ," ಅಂದ. "ಬರ್ಕೊ ಮಗಾ."

ನಾನು ಪೆನ್ನು ಹಿಡಿದೆ. ಬರೆಯಲು ಕೈ ಬರಲಿಲ್ಲ.