ಕಪ್ಪು ಚುಕ್ಕೆ ತುಂಬುವ ಹೊತ್ತು

ನನ್ನ ತಂಗಿಗೆ ಬಂದ ಕಾಯಿಲೆಗೆ ಗೇಣುದ್ದದ ಹೆಸರಿದೆ. ಮನೆಯಲ್ಲಿ ಯಾರೂ ಅದನ್ನು ಬಾಯಿಗೆ ತರುವುದಿಲ್ಲ. 'ಅದು' ಎನ್ನುತ್ತೇವೆ, ಅಷ್ಟೆ. ಅದು ಅಮ್ಮನನ್ನು ಕರೆದುಕೊಂಡು ಹೋಯಿತು. ಈಗ ತಂಗಿಯ ಕಾಲು ಮುಗಿಸಿ ಕೈಗೆ ಬಂದಿದೆ. ಅವಳ ಗಂಡನೆಂಬ ಮಹಾನುಭಾವ ಗಾಲಿಕುರ್ಚಿ ಮನೆಗೆ ಬಂದ ವಾರವೇ ಕಾಲಿಗೆ ಬುದ್ಧಿ ಹೇಳಿದ. ಉಳಿದವರು ತಂಗಿ, ನಾನು, ಮತ್ತು ಅವಳ ಏಳು ವರ್ಷದ ಮಗಳು. ಆ ಹುಡುಗಿ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅದಕ್ಕೇ ನಾವು ಅವಳನ್ನು ರೇಡಿಯೊ ಎಂದು ಕರೆಯುವುದು.

"ನಾನು ಹೋದ್ಮೇಲೆ ಇವಳು ನಿನ್ನ ಮಗಳು," ಎಂದು ತಂಗಿ ಆಗಾಗ ಹೇಳುತ್ತಿದ್ದಳು. "ನೀನು ಗಟ್ಟಿಗಿತ್ತಿ. ನಿಂಗೆ ಬರೋದಾಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು ಬಿಡು." ಆ ಒಂದು ಧೈರ್ಯದ ಮೇಲೆ ಅವಳು ಉಣ್ಣುತ್ತಿದ್ದಳು, ನಗುತ್ತಿದ್ದಳು. ನಾನೂ ಅದನ್ನೇ ನಂಬಿಕೊಂಡಿದ್ದೆ.

ನನ್ನ ಕೆಲಸ ಜೀವಕೋಶದ ಪೊರೆಯನ್ನು ಅಳೆಯುವುದು. ಪೊರೆ ಎಂದರೆ ಗೋಡೆಯಲ್ಲ, ನೀರಿನ ಮೇಲೆ ಹರಡಿದ ಎಣ್ಣೆಯಂಥದ್ದು. ಅದರಲ್ಲಿ ಅಣುಗಳು ಸುಮ್ಮನಿರದೆ ಅಡ್ಡಾಡುತ್ತಿರುತ್ತವೆ. ಅವಕ್ಕೆ ಹೊಳೆಯುವ ಬಣ್ಣ ಹಚ್ಚಿದರೆ ಸೂಕ್ಷ್ಮದರ್ಶಕದಲ್ಲಿ ಪೊರೆಯೆಲ್ಲ ಹಸಿರಾಗಿ ಬೆಳಗುತ್ತದೆ. ಆಮೇಲೆ ಒಂದು ಚುಕ್ಕೆಯಷ್ಟು ಜಾಗಕ್ಕೆ ಜೋರಾಗಿ ಲೇಸರ್ ಬಿಟ್ಟು ಅಲ್ಲಿನ ಹೊಳಪನ್ನು ಸುಡುತ್ತೇವೆ. ಆ ಚುಕ್ಕೆ ಕಪ್ಪಾಗುತ್ತದೆ. ಸುಟ್ಟ ಬಣ್ಣ ಮತ್ತೆ ಬೆಳಗುವುದಿಲ್ಲ. ಅಕ್ಕಪಕ್ಕದ ಅಣುಗಳು ಸರಿದು ಬಂದು ಜಾಗ ತುಂಬುತ್ತವೆ. ಎಷ್ಟು ಬೇಗ ತುಂಬಿತು ಎನ್ನುವುದೇ ನಮ್ಮ ಅಳತೆ. 'ಅದು' ಇರುವವರ ಪೊರೆ ಬಿಗಿದುಕೊಂಡಿರುತ್ತದೆ, ಕಾಲು ಸೋಲುವುದಕ್ಕೆ ಎಷ್ಟೋ ವರ್ಷ ಮೊದಲೇ. ರಕ್ತಪರೀಕ್ಷೆಗೆ ಸಿಗದ ಕಾಯಿಲೆ ಇಲ್ಲಿ ಸಿಕ್ಕಿಬೀಳುತ್ತದೆ.

ತಂಗಿಯ ತೋಳಿನ ಚರ್ಮದ ಚೂರಿನಿಂದ ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿದೆವು. ಹೋಲಿಸಿ ನೋಡಲು ಆರೋಗ್ಯವಂತರದೂ ಬೇಕಲ್ಲ? ಅದಕ್ಕೆ ಊರೆಲ್ಲ ಹುಡುಕದೆ ತಮ್ಮ ತೋಳನ್ನೇ ಚಾಚುವುದು ನಮ್ಮ ಪ್ರಯೋಗಾಲಯದವರ ಹಳೇ ಚಾಳಿ. ನನ್ನದನ್ನು ಕೊಟ್ಟೆ. ನನ್ನ ಜೊತೆ ಕೆಲಸ ಮಾಡುವವನೂ ತನ್ನದನ್ನು ಕೊಟ್ಟ. ಅವನು ಪ್ರತಿ ಮಾತನ್ನೂ ತೂಗಿ ನೋಡಿ ಆಡುವವನು. ನಾನು ಅವನನ್ನು ತಕ್ಕಡಿ ಎನ್ನುತ್ತೇನೆ.

ಮನಸ್ಸಿಗೆ ಬೇಕಾದದ್ದನ್ನೇ ಕಣ್ಣು ನೋಡಿಬಿಡುತ್ತದೆ. ಅದಕ್ಕಾಗಿ ಅಳೆಯುವವರಿಗೆ ಯಾವ ತಟ್ಟೆ ಯಾರದೆಂದು ಹೇಳುವುದಿಲ್ಲ. ತಕ್ಕಡಿ ಮೂರು ತಟ್ಟೆಗಳ ಹೆಸರಿನ ಮೇಲೂ ಟೇಪು ಅಂಟಿಸಿ ತಂದಿಟ್ಟ. ಮೊದಲನೆಯದರಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚುಕ್ಕೆ ತುಂಬಿತು. ಎರಡನೆಯದರಲ್ಲಿ ತುಂಬಲೊಲ್ಲದು. ಪಾಪ, ತಂಗಿ ಎಂದುಕೊಂಡೆ. ಮೂರನೆಯದೂ ಹಾಗೇ ತೆವಳಿತು. ತಣ್ಣಗಿದ್ದರೂ ಪೊರೆ ಬಿಗಿಯುತ್ತದೆಂದು ತಟ್ಟೆಯಡಿಯ ಬಿಸಿ ನೋಡಿದೆ, ಸರಿಯಾಗಿಯೇ ಇತ್ತು. ಬೇರೆ ಬೇರೆ ಕೋಶಗಳಲ್ಲಿ ಸುಟ್ಟು ನೋಡಿದೆ, ಅದೇ ಹಾಡು. ಪಿತ್ತ ನೆತ್ತಿಗೇರಿತು.

"ಏನಯ್ಯಾ, ತಂಗೀದನ್ನೇ ಎರಡು ಸಲ ಕೊಟ್ಟಿದ್ದೀಯ! ನಂದೆಲ್ಲಿ? ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಾ ನಿಂಗೆ?"

ಅವನು ಒಂದೊಂದಾಗಿ ಟೇಪು ಕಿತ್ತ. ಬೇಗ ತುಂಬಿದ್ದು ಅವನದು. ಮೂರನೆಯದು ತಂಗಿಯದು. ನಾನು ಪಾಪ ಎಂದುಕೊಂಡಿದ್ದ ಎರಡನೆಯದು ನನ್ನದು.

"ಕೂತ್ಕೊಳ್ಳಿ," ಎಂದ. "ನಾಳೆ ಇನ್ನೊಂದ್ಸಲ ನೋಡೋಣ."

ಮರುದಿನವೂ ನೋಡಿದೆವು. ಅದರ ಮರುದಿನವೂ. ನನ್ನದು ಜಪ್ಪಯ್ಯ ಎಂದರೂ ಬೇಗ ತುಂಬಲಿಲ್ಲ.

ಮುಖದಲ್ಲಿ ಏನನ್ನೂ ಮುಚ್ಚಿಡುವ ವಿದ್ಯೆ ನನಗಿಲ್ಲ. ಅದಕ್ಕೇ ಮೊದಲೆರಡು ರಾತ್ರಿ ತಂಗಿ ಮಲಗಿದ ಮೇಲೆ ಮನೆ ಸೇರಿದ್ದೆ. ಮೂರನೆಯ ಸಂಜೆ ಬಾಗಿಲು ತೆರೆಯುತ್ತಲೇ ಕಿಟಕಿಯ ಬಳಿ ಕೂತಿದ್ದ ತಂಗಿ ಕೇಳಿದಳು. "ಏನೇ ಅದು ಸಪ್ಪೆ ಮೋರೆ? ನಂದು ಇನ್ನೂ ಕೆಟ್ಟಿದ್ಯಾ?"

"ನಿಂದಲ್ಲ ಕಣೇ. ನಂದು."

ತನಗಾಗಿ ನನ್ನೆದುರು ಒಂದು ಹನಿ ಕಣ್ಣೀರು ಹಾಕದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು. "ನಿಂಗ್ಯಾಕೇ? ನನ್ನೊಬ್ಬಳಿಗೇ ಸಾಕಾಗಿತ್ತಲ್ಲ," ಎಂದಳು. ಅಕ್ಕನಾದವಳು ಸಮಾಧಾನ ಮಾಡಬೇಕಿತ್ತು. ನನ್ನಿಂದ ಆಗಲಿಲ್ಲ; ಅವಳ ಮಡಿಲಲ್ಲಿ ತಲೆಯಿಟ್ಟು ನಾನೂ ಅತ್ತೆ. ನನಗೆ ಸಾಯುವ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಳ ಧೈರ್ಯವನ್ನು ನನ್ನ ಕೈಯಾರೆ ಕಿತ್ತುಕೊಂಡೆನಲ್ಲ ಎಂದು ಸಂಕಟವಾಗಿತ್ತು.

"ಹಾಗಾದ್ರೆ ಇವಳು?" ಎಂದಳು ತಂಗಿ, ಅಳು ನಿಂತ ಮೇಲೆ.

"ನಾನಿದ್ದೀನಲ್ಲ."

"ಎಲ್ಲೀವರೆಗೆ?"

ನಾನು ಸೆರಗಿನಿಂದ ಅವಳ ಕೆನ್ನೆ ಒರೆಸಿದೆ.

"ಅವಳದನ್ನ ಮಾತ್ರ ಅಳೀಬೇಡ ಕಣೇ. ನಾನಿರೋವರೆಗಾದ್ರೂ."

"ಇಲ್ಲ," ಎಂದೆ.

ಒಳಗಿನ ಕೋಣೆಯಲ್ಲಿ ಏನೋ ಧಡಾರನೆ ಬಿತ್ತು. ರೇಡಿಯೊ ಕೂಗಿಕೊಂಡಳು. "ಅಮ್ಮಾ! ದೊಡ್ಡಮ್ಮಾ! ಯಾರಾದ್ರೂ ಒಬ್ರು ಬನ್ನಿ!"

ಇಬ್ಬರೂ ಒಟ್ಟಿಗೇ ಏಳಲು ಹೊರಟೆವು. ತಂಗಿಯ ಕೈ ಕುರ್ಚಿಯ ಹಿಡಿಯನ್ನು ಒತ್ತಿ, ಒತ್ತಿ, ಅಲ್ಲೇ ಸೋತಿತು. ನಾನು ಎದ್ದು ಹೋದೆ.