ಕಾಲುವೆಗೂ ರಸ್ತೆಗೂ ನಡುವಿನ ಮನೆ

ಊರೊಂದು ಬೆಳೆಯುತ್ತ ಬೆಳೆಯುತ್ತ ತನ್ನ ಬೇಲಿ ಎಲ್ಲಿತ್ತೆಂಬುದನ್ನೇ ಮರೆತ ಕಾಲದಲ್ಲಿ, ಆ ಊರಿನ ನಕ್ಷೆ ಕಚೇರಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರು ಮೂವತ್ತು ವಾರ್ಡುಗಳಲ್ಲಿ ಹಿಡಿಯದೆ ಉಕ್ಕಿ ಹರಿದಿತ್ತು. ಅದನ್ನು ಐವತ್ತೆರಡಾಗಿ ಹಂಚಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಚಕ್ಕುಬಂದಿ ಬರೆಯುವುದು ಹುಡುಗಿಯ ಕೆಲಸ. ಈ ವಾರ್ಡಿಗೆ ಪೂರ್ವಕ್ಕೆ ಯಾವ ಗೋಡೆ, ಪಶ್ಚಿಮಕ್ಕೆ ಯಾವ ಚರಂಡಿ ಎಂದು ಸಾಲು ಸಾಲಾಗಿ ಬರೆಯಬೇಕು. ದಿನವಿಡೀ ಗೆರೆಗಳ ಜೊತೆ ಏಗಿ, ಸಂಜೆ ಬಾಡಿಗೆ ಕೋಣೆಗೆ ಹೋಗಿ, ಒಂದೇ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದಳು.

ಅವಳನ್ನು ಸಾಕಿದ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಜ್ಜಿಯ ಕತೆಗಳಲ್ಲಿ ಊರಾಚೆ ಒಂದು ಒಂಟಿ ಮನೆ ಇದ್ದೇ ಇರುತ್ತಿತ್ತು. ಅಲ್ಲಿಗೆ ದಾರಿ ತಪ್ಪಿದ ರಾಜಕುಮಾರರು ಬರುತ್ತಿದ್ದರು, ಮಾತಾಡುವ ಗಿಳಿಗಳು ಬರುತ್ತಿದ್ದವು. ಆ ಮನೆ ಯಾವ ರಾಜ್ಯದ್ದು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಹೊಸ ಗಡಿಗಳ ಕರಡಿಗೆ ಆಕ್ಷೇಪಣೆ ಕೇಳುವ ವಾರದಲ್ಲಿ ಒಬ್ಬ ದರ್ಜಿ ಬಂದ. ಐವತ್ತು ದಾಟಿದ ಮನುಷ್ಯ. ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ತೆಗೆಯಲು ಮರೆತು ಬಂದಿದ್ದ. ಅವನ ಜೊತೆ ವಾಸವಿದ್ದ ಅಕ್ಕ ಇಪ್ಪತ್ತೊಂದು ದಿನದ ಹಿಂದೆ ಮನೆಯಲ್ಲೇ ತೀರಿಕೊಂಡಿದ್ದಳು. ಮರಣ ನೋಂದಣಿಗೆ ಹೊಸದಾಗಿ ತೆರೆದ ನಲವತ್ತೊಂದನೇ ವಾರ್ಡಿನ ಕಚೇರಿಗೆ ಹೋದರೆ ಪಕ್ಕದ ವಾರ್ಡಿಗೆ ಹೋಗಿ ಎಂದರಂತೆ. ನಲವತ್ತೆರಡಕ್ಕೆ ಹೋದರೆ, ನಿಮ್ಮ ಮನೆ ನಮ್ಮ ಪಟ್ಟಿಯಲ್ಲೇ ಇಲ್ಲ ಎಂದರಂತೆ.

“ನಮ್ಮಕ್ಕ ಬದುಕಿದ್ದಾಗ ಮನೆ ಬಿಟ್ಟು ಕದಲಿದವಳಲ್ಲ ಮೇಡಂ,” ಎಂದ. “ಈಗ ನೋಡಿ, ವಾರ್ಡಿಂದ ವಾರ್ಡಿಗೆ ಅಲೀತಿದ್ದಾಳೆ.”

ನಗಿಸಲೆಂದೇ ಹೇಳಿದ್ದ; ಅವನ ಮುಖದಲ್ಲೇ ನಗು ನಿಲ್ಲಲಿಲ್ಲ. ಅವಳಿದ್ದಳು ಅನ್ನುವುದಕ್ಕೆ ಒಂದು ಕಾಗದವಾದರೂ ಬೇಡವೇ ಎಂದು ಮೆಲ್ಲಗೆ ಕೇಳಿದ. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಶಾಲೆಗೆ ಹೋದವಳಲ್ಲ. ಎಲ್ಲೂ ಅವಳ ಹೆಸರು ಬರೆದದ್ದೇ ಇಲ್ಲ.

“ಹೆಸರು ಹತ್ತಿಸಿಕೊಡ್ತೀನಿ ಮಾಸ್ಟ್ರೇ. ಅವರು ಹೋಗಿ ತಿಂಗಳು ತುಂಬೋದ್ರೊಳಗೆ,” ಎಂದುಬಿಟ್ಟಳು ಹುಡುಗಿ.

ಅವನು ಹೋದ ಮೇಲೆ ಎರಡೂ ವಾರ್ಡುಗಳ ಕಡತ ಬಿಚ್ಚಿದಳು. ನಲವತ್ತೊಂದರದ್ದನ್ನು ಪಕ್ಕದ ಕೋಣೆಯ ಹಿರಿಯ ಗುಮಾಸ್ತರು ಹಳೆಯ ನಕ್ಷೆ ನೋಡಿ ಬರೆದಿದ್ದರು: ಪೂರ್ವಕ್ಕೆ ಕಾಲುವೆ. ನಲವತ್ತೆರಡರದ್ದನ್ನು ಇವಳು ಆಕಾಶದಿಂದ ತೆಗೆದ ಹೊಸ ಚಿತ್ರ ನೋಡಿ ಬರೆದಿದ್ದಳು: ಪಶ್ಚಿಮಕ್ಕೆ ದೊಡ್ಡ ರಸ್ತೆ. ಚಿತ್ರದಲ್ಲಿ ಕಾಲುವೆ ಕಂಡಿರಲಿಲ್ಲ. ಅದರ ಮೇಲೆ ಚಪ್ಪಡಿ ಮುಚ್ಚಿ ವರ್ಷಗಳಾಗಿದ್ದವು. ಎರಡೂ ಒಂದೇ ಗೆರೆ ಎಂದುಕೊಂಡಿದ್ದಳು. ಆ ಎರಡರ ನಡುವೆ ಒಂದಷ್ಟು ಗೋದಾಮುಗಳ ಬೆನ್ನುಗೋಡೆಗಳೂ ಒಂದೇ ಒಂದು ಮನೆಯೂ ಉಳಿದುಹೋಗಿದ್ದವು.

ತಪ್ಪಿದ್ದು ತನ್ನದೇ ಸಾಲು. ಹೇಳಿಕೊಳ್ಳೋಣವೆಂದರೆ ಯಾರಿದ್ದಾರೆ? ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದಳು.

ಮರುದಿನ ಮೇಲಧಿಕಾರಿಯ ಮುಂದೆ ನಿಂತಳು. ಮಾತಿಗೊಮ್ಮೆ ಗೆಜೆಟ್ ಅನ್ನುತ್ತಿದ್ದುದರಿಂದ ಕಚೇರಿಯವರೆಲ್ಲ ಅವರನ್ನು ಗೆಜೆಟ್ ಸಾಹೇಬರು ಎನ್ನುತ್ತಿದ್ದರು. ಒಂದು ಮನೆಗೋಸ್ಕರ ಗೆರೆ ಎಳೆದಾಡಿದರೆ ನಾಳೆ ಊರೆಲ್ಲ ಬಾಗಿಲಿಗೆ ಬರುತ್ತದೆ ಎಂದು ರೇಗಿದರು. ಕನ್ನಡಕ ಒರೆಸಿಕೊಂಡ ಮೇಲೆ ಸ್ವಲ್ಪ ತಣ್ಣಗಾದರು. ಗೆರೆ ಅನ್ನುವುದು ನೆಲದ ಮೇಲೆ ಕಣ್ಣಿಗೆ ಕಾಣಬೇಕು, ಇಲ್ಲವೇ ಯಾರಾದರೂ ಅದರುದ್ದಕ್ಕೂ ನಡೆದು ತೋರಿಸಬೇಕು. ಕಾಲುವೆ ಎಲ್ಲಿದೆಯೆಂದು ನಡೆದು ಗುರುತು ಹಾಕಿ, ಎರಡೂ ವಾರ್ಡಿನವರ ಸಹಿ ತಂದರೆ ನೋಡೋಣ ಎಂದರು.

“ಶುಕ್ರವಾರ ಗೆಜೆಟ್ ಅಚ್ಚಿಗೆ ಹೋಗುತ್ತೆ. ಆಮೇಲೆ ನನ್ನ ತಲೆ ತಿನ್ನಬೇಡಿ.”

ಬುಧವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಹೊರಟಳು. ದರ್ಜಿ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದ. ಮೊದಲ ಅರ್ಧ ಮೈಲಿ ಚಪ್ಪಡಿಗಳು ಕಾಣುತ್ತಿದ್ದವು. ಆಮೇಲೆ ಕಾಂಕ್ರೀಟು, ಲಾರಿ ನಿಲ್ಲುವ ಅಂಗಳ, ಜಲ್ಲಿ ರಾಶಿ. ಕಾಲುವೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ದರ್ಜಿ ಚಪ್ಪಲಿ ಕಳಚಿ ಹಿಮ್ಮಡಿಯಿಂದ ನೆಲ ಗುದ್ದಿದ. ಗಟ್ಟಿ ಸದ್ದು. ಎರಡು ಹೆಜ್ಜೆ ಸರಿದು ಮತ್ತೆ ಗುದ್ದಿದ. ಟೊಳ್ಳು ಸದ್ದು.

“ಇಲ್ಲಿ,” ಎಂದ.

ಅಲ್ಲಿಂದ ಇಬ್ಬರೂ ಗುದ್ದುತ್ತ ನಡೆದರು. ಟೊಳ್ಳು ಕೇಳಿದಲ್ಲಿ ಅವಳು ಗುರುತು ಹಾಕಿದಳು, ಅವನು ಟೇಪು ಹಿಡಿದು ಅಂತರ ಹೇಳಿದ. ಲಾರಿಯವನೊಬ್ಬ, ಅಪ್ಪ ಮಗಳಿಗೆ ಏನಾಗಿದೆಯೋ ಎಂದು ಗೊಣಗಿದ್ದು ಕಿವಿಗೆ ಬಿತ್ತು. ಇಬ್ಬರೂ ತಿದ್ದಲು ಹೋಗಲಿಲ್ಲ. ಎಷ್ಟೋ ದಿನದ ಮೇಲೆ ಅವಳನ್ನು ಯಾರಿಗೋ ಸೇರಿದವಳೆಂದು ಒಬ್ಬರು ತಿಳಿದಿದ್ದರು.

ಬಿಸಿಲು ನೆತ್ತಿಗೆ ಬಂದಾಗ ಅವಳು ನಿಂತಳು. “ಮಾಸ್ಟ್ರೇ, ಆ ಸಾಲು ಬರೆದವಳು ನಾನೇ. ತಪ್ಪು ನಂದು.”

ಅವನು ಟೇಪು ಸುತ್ತುತ್ತಿದ್ದ. “ಗೊತ್ತಾಯ್ತಮ್ಮ,” ಎಂದ. “ಸಂಬಳಕ್ಕೋಸ್ಕರ ಯಾರೂ ಇಷ್ಟು ನೆಲ ಗುದ್ದಲ್ಲ.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: “ಮನೇಲಿ ಮಾತಾಡೋರಿಲ್ಲ. ಬೆಳಿಗ್ಗೆ ಎದ್ದು ಮಿಷನ್ನು ತುಳೀತೀನಿ, ಬಟ್ಟೆ ಇಲ್ದಿದ್ರೂ. ಸದ್ದಿರಲಿ ಅಂತ.”

ಅವಳಿಗೆ ತನ್ನ ಕೋಣೆಯ ರೇಡಿಯೋ ನೆನಪಾಯಿತು. ಬಗ್ಗಿ ಮುಂದಿನ ಗುರುತು ಹಾಕಿದಳು.

ಗುರುವಾರ ಸಹಿಗಳ ಬೇಟೆ. ನಲವತ್ತೊಂದರವರು ಪೀಡೆ ತೊಲಗಿತೆಂಬಂತೆ ತಕ್ಷಣ ಹಾಕಿದರು. ನಲವತ್ತೆರಡರ ಗುಮಾಸ್ತೆ, ಒಂದು ಮನೆ ಬಂದರೆ ಒಂದು ದೀಪದ ಕಂಬವೂ ತಲೆಗೆ ಬರುತ್ತದೆ ಎಂದು ಮೂಗು ಮುರಿದು ಸಂಜೆವರೆಗೆ ಕೂರಿಸಿದಳು. ಹುಡುಗಿ ಎದ್ದು ಹೋಗಲಿಲ್ಲ. ಕೊನೆಗೆ ಗುಮಾಸ್ತೆ ಕಚೇರಿ ಮುಚ್ಚಲು ಬೀಗದ ಕೈ ಎತ್ತಿಕೊಂಡೇ ಸಹಿ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಗೆಜೆಟ್ ಸಾಹೇಬರ ಎದುರಿಗೇ ಹುಡುಗಿ ತನ್ನ ಸಾಲನ್ನು ಹೊಡೆದುಹಾಕಿ, ಪಶ್ಚಿಮಕ್ಕೆ ಮುಚ್ಚಿದ ಕಾಲುವೆ ಎಂದು ಬರೆದಳು. ತಪ್ಪು ಯಾರದೆಂದು ಅವರು ಕೇಳಿದರು, ನನ್ನದೇ ಎಂದಳು. ಅದನ್ನೂ ಕಡತದಲ್ಲಿ ಬರೆಸಿ, ಅವಳ ಸಹಿ ಹಾಕಿಸಿಕೊಂಡರು.

ಗೆಜೆಟ್ ಬಂದ ಸೋಮವಾರ, ಅಕ್ಕ ಹೋದ ಇಪ್ಪತ್ತೊಂಬತ್ತನೇ ದಿನ, ನಲವತ್ತೆರಡನೇ ವಾರ್ಡಿನ ಕಚೇರಿಯಲ್ಲಿ ಇಬ್ಬರೂ ಕಿಟಕಿಯೆದುರು ನಿಂತರು. ಗುಮಾಸ್ತೆ ದಪ್ಪ ರಿಜಿಸ್ಟರು ಬಿಡಿಸಿದಳು. ವಯಸ್ಸು ಕೇಳಿದಾಗ ದರ್ಜಿ ತಡವರಿಸಿದ. ತನಗಿಂತ ಏಳು ವರ್ಷ ದೊಡ್ಡವಳು, ಅಷ್ಟೇ ಗೊತ್ತು ಎಂದ. ಕಸುಬು ಕೇಳಿದಾಗ ಗುಂಡಿಯ ಕಾಜಾ ಹೊಲಿಯುತ್ತಿದ್ದಳು ಎಂದ. ತನ್ನ ಅಂಗಡಿಯ ಅಂಗಿಗಳ ಕಾಜಾ ಎಲ್ಲ ಅವಳದೇ. ಗುಮಾಸ್ತೆ ಒಂದು ಗಳಿಗೆ ತಲೆಯೆತ್ತಿ ನೋಡಿ, ದರ್ಜಿ ಎಂದು ಬರೆದಳು.

“ಸತ್ತ ಸ್ಥಳ?”

ಅವನು ಹುಡುಗಿಯ ಕಡೆ ತಿರುಗಿದ. ಅವಳು ಮನೆಯ ಹೊಸ ನಂಬರು ಹೇಳಿದಳು, ವಾರ್ಡು ಹೇಳಿದಳು. ಪೆನ್ನು ನಿಧಾನವಾಗಿ ಸಾಲಿನ ಕೊನೆವರೆಗೂ ಹೋಯಿತು. ಗುಮಾಸ್ತೆ ಮೊಹರನ್ನು ಶಾಯಿಯ ಮೇಲೆ ಒತ್ತಿ, ಅಕ್ಕನ ಹೆಸರಿನ ಪಕ್ಕದಲ್ಲಿ ಊರಿದಳು.