ಕೋನಲ್ ಡೆವನಿ ಎಂಬ ಹೆಸರು

"ನಿಂತ್ಕೊಳ್ರೋ ಅಲ್ಲೇ, ಪೋಪನ ಎಂಜಲು ನೆಕ್ಕೋ ನಾಯಿಗಳಾ! ಕೈ ಮೇಲೆತ್ರೋ! ಏನೋ ನಿನ್ನ ಹೆಸರು?"

ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತಿದ್ದವನು ನಾರ್ಮನ್ ಕ್ಯಾತ್‌ಕಾರ್ಟ್. ಅವನಪ್ಪ ಎಜಕೀಲ್ ಕ್ಯಾತ್‌ಕಾರ್ಟನ ಸಣ್ಣ ಹೊಂಡದಲ್ಲಿ ಬೆಳಗಿನಿಂದ ಸೊಂಟಮಟ್ಟ ನೀರಲ್ಲಿ ನಿಂತು, ನಾರಿಗಾಗಿ ಕೊಳೆಹಾಕಿದ ಅಗಸೆ ಎತ್ತಿ, ಮೈಯೆಲ್ಲ ಕೊಳೆತ ನಾತ ಹೊತ್ತುಕೊಂಡು ಮೇನಸ್ ಡೆವನಿ ಮತ್ತು ಅವನ ತಮ್ಮ ಕೋನಲ್ ಮನೆಗೆ ಹೊರಟಿದ್ದರು. ಆಗಸ್ಟ್ ತಿಂಗಳ ಸಂಜೆ, ಇನ್ನೂ ಬೇಕಾದಷ್ಟು ಬೆಳಕಿತ್ತು. ಮುಖ ಕಾಣುತ್ತಿಲ್ಲ ಎನ್ನುವ ಹಾಗಿರಲಿಲ್ಲ.

ಮುಖ ಕಾಣದಿದ್ದರೂ ಏನಂತೆ? ಕೋನಲನೂ ನಾರ್ಮನನೂ ಒಂದೇ ವರ್ಷ ಹುಟ್ಟಿದವರು. ನಾರ್ಮನನ ತಾಯಿ ಮುಂದಿನ ಮಗುವಿನ ಬಾಣಂತನದ ಜ್ವರದಲ್ಲಿ ಮಲಗಿದ್ದಾಗ ಈ ಹುಡುಗ ಎರಡು ತಿಂಗಳು ಡೆವನಿಗಳ ಒಲೆಯ ಮುಂದೆ ಕೂತು ಆಲೂಗಡ್ಡೆ ತಿಂದು, ಮಜ್ಜಿಗೆ ಕುಡಿದು ಬೆಳೆದವನು. ಆದರೆ ಕ್ಯಾಥೋಲಿಕರದು ಒಂದು, ಪ್ರಾಟೆಸ್ಟಂಟರದು ಒಂದು ಎಂದು ದೇಶ ಎರಡಾಗಿ ವರ್ಷವಾಗಿತ್ತು. ಡ್ರಮಕ್ಲೀನ್ ಊರಿನ ಪ್ರಾಟೆಸ್ಟಂಟರ ಮನೆಮನೆಗೆ ಹೊಸ ಸರ್ಕಾರ ಒಂದು ಟೋಪಿ, ಒಂದು ಬಂದೂಕು ಕೊಟ್ಟು ಪಹರೆ ಕಾಯಿರಿ ಎಂದಿತ್ತು. ಅಂದಿನಿಂದ ಸಂಜೆ ಸಂಜೆ ಇದೇ ಆಟ. ಹುಟ್ಟಿದಾಗಿನಿಂದ ಬಲ್ಲ ಕ್ಯಾಥೋಲಿಕ್ ಕೂಲಿಯವನನ್ನು ನಿಲ್ಲಿಸಿ ಹೆಸರು ಕೇಳುವುದು. ಟೋಪಿ ತೆಗೆದು, ತಲೆ ತಗ್ಗಿಸಿ, ತನ್ನೂರಲ್ಲಿ ತಾನೇ ಪರದೇಶಿ ಎನ್ನುವಂತೆ ಹೆಸರು ಒಪ್ಪಿಸಿದರೆ ಬಿಡುತ್ತಿದ್ದರು.

ಮೇನಸ್ ಟೋಪಿ ತೆಗೆದ. "ಮೇನಸ್ ಡೆವನಿ, ಸ್ವಾಮಿ."

"ಎಲ್ಲಿಂದ ಬರ್ತಿದ್ದೀಯೋ?"

"ನಿಮ್ಮ ಹೊಂಡದಿಂದಾನೇ, ಸ್ವಾಮಿ."

ನಾರ್ಮನನ ಜೊತೆಗಿದ್ದ ಇಬ್ಬರು ಮೂಗಿಗೆ ಬಟ್ಟೆ ಹಿಡಿದು ನಕ್ಕರು. "ಥೂ, ಕೊಳೆತ ಹೆಣ ನಡ್ಕೊಂಡು ಬಂದಂಗೆ ಬರ್ತವೆ ಬೋಳಿಮಕ್ಳು!"

"ನಿಂದೇನೋ ಹೆಸರು?" ನಾರ್ಮನ್ ಕೋನಲನ ಎದೆಗೆ ಬಂದೂಕಿನ ಮೂತಿ ಒತ್ತಿದ.

ಕೋನಲ್ ಟೋಪಿ ತೆಗೆಯಲಿಲ್ಲ. "ಮಧ್ಯಾಹ್ನ ನಿಮ್ಮವ್ವ ಅಡುಗೆಮನೆ ಕಿಟಕೀಲಿ ನಿಂತು 'ಕೋನಲ್, ಒಂದು ಬುಟ್ಟಿ ಉರುವಲು ತಂದ್ಹಾಕೋ' ಅಂತ ಕೂಗಿದ್ಲು. ಮರ್ತೋಗಿದ್ರೆ ಹೋಗಿ ಅವಳನ್ನೇ ಕೇಳು."

"ಹೆಸರು ಕೇಳ್ದೆ ಕಣೋ!"

"ನಿಂಗೊತ್ತಲ್ಲ."

"ಹೇಳ್ಬಿಡೋ ಕೋನಲ್," ಎಂದ ಮೇನಸ್. "ಹೇಳಿದ್ರೆ ಏನ್ ಹೋಗುತ್ತೆ?"

"ನೀನು ದಿನಾ ಹೇಳ್ತಿದ್ದೀಯಲ್ಲ ಅಣ್ಣ, ಏನ್ ಉಳೀತು?"

ಬಂದೂಕಿನ ಹಿಡಿ ಕೋನಲನ ಬಾಯಿಗೆ ಬಿತ್ತು. ಅವನು ಮಂಡಿಯೂರಿ ಎರಡು ಹಲ್ಲು ಉಗಿದ, ಎದ್ದ, ಅಂಗಿಯ ತೋಳಲ್ಲಿ ರಕ್ತ ಒರೆಸಿಕೊಂಡ. ಆಮೇಲೆ ನಾರ್ಮನನನ್ನು ಬಳಸಿಕೊಂಡು ತನ್ನ ಪಾಡಿಗೆ ಮನೆಯ ಕಡೆ ನಡೆಯತೊಡಗಿದ. ಓಡಲಿಲ್ಲ. ಮೇನಸ್ ಅದನ್ನು ಕಣ್ಣಾರೆ ಕಂಡ. ಹತ್ತು ಹೆಜ್ಜೆ ಹೋಗಿರಬೇಕು, ನಾರ್ಮನನ ಗುಂಡು ಬೆನ್ನಲ್ಲಿ ಹೊಕ್ಕಿತು. ಕೋನಲ್ ಬೇಲಿಯ ಬುಡದಲ್ಲಿ ಬಿದ್ದು ಎರಡು ಸಲ ಕಾಲು ಬಡಿದ, ಅಷ್ಟೆ.

ನಾರ್ಮನನ ಮುಖ ಸುಣ್ಣವಾಯಿತು. ಜೊತೆಗಿದ್ದವರಲ್ಲಿ ಒಬ್ಬ ಮೊದಲು ಬಾಯಿ ಬಿಟ್ಟ. "ಓಡಿದ. ನಿಲ್ಲು ಅಂದ್ರೂ ನಿಲ್ಲಲಿಲ್ಲ. ಏನಂತೀಯೋ, ಮೇನಸ್?"

ಮೇನಸ್ ತಮ್ಮನ ಕಡೆ ಓಡಲು ಹೋದ. ಮೂವರೂ ಸೇರಿ ಅವನನ್ನು ಕೆಳಗೆ ಕೆಡವಿ, ಪಕ್ಕೆಗೆ ಬೂಟಿನಲ್ಲಿ ಒದ್ದು ಒದ್ದು ಚರಂಡಿಗೆ ಉರುಳಿಸಿದರು. ಅವನು ತೆವಳಿಕೊಂಡು ಮೇಲೆ ಬರುವಷ್ಟರಲ್ಲಿ ಅವರು ಎಲ್ಲಿಂದಲೋ ಗಾಡಿ ತಂದು ಹೆಣ ಹಾಕಿಕೊಂಡು ಹೋಗಿಯಾಗಿತ್ತು.

*

ಮರುದಿನ, ಬುಧವಾರ ಬೆಳಿಗ್ಗೆ, ಠಾಣೆಯಲ್ಲಿ ಸಾರ್ಜೆಂಟು ಮೇನಸನನ್ನು ಬಾಗಿಲ ಹೊರಗೇ ನಿಲ್ಲಿಸಿ ಕಾಗದ ಓದಿದ. "ಗುರುತು ಸಿಗದ ವ್ಯಕ್ತಿ. ವಯಸ್ಸು ಸುಮಾರು ಇಪ್ಪತ್ತೈದು. ಹೆಸರು ಹೇಳಲು ನಿರಾಕರಿಸಿ, ಪಿಸ್ತೂಲು ತೆಗೆದು, ಓಡಲು ಹೋದಾಗ ಸತ್ತ."

"ಅವ್ನು ನನ್ ತಮ್ಮ, ಸಾರ್. ಕೋನಲ್ ಡೆವನಿ. ನೀವೇ ಹೋದ್ ಕ್ರಿಸ್‌ಮಸ್ಸಿಗೆ ಅವ್ನತ್ರ ಮೊಲ ತರ್ಸ್ಕೊಂಡಿದ್ರಿ."

"ನಾನು ಯಾರ ಹತ್ರಾನೂ ಮೊಲ ತರ್ಸ್ಕೊಂಡಿಲ್ಲ ಕಣಯ್ಯ." ಸಾರ್ಜೆಂಟು ಕಾಗದವನ್ನು ಮುಂದೆ ಚಾಚಿದ. "ಇಲ್ಲಿ ಕೆಳಗೆ ಸಹಿ ಬದ್ಲು ಒಂದು ಗೀಟು ಎಳಿ. ನನ್ ತಮ್ಮನ ಹತ್ರ ಪಿಸ್ತೂಲಿತ್ತು, ಅವ್ನು ಓಡ್ದ ಅಂತ. ಎಳ್ದ್ರೆ ಅವ್ನಿಗೆ ಹೆಸರು ಬರತ್ತೆ, ಹೆಣ ತಗೊಂಡು ಹೋಗು. ಎಳೀದೇ ಇದ್ರೆ ಶುಕ್ರವಾರ ಗತಿಗೆಟ್ಟವರನ್ನ ಇಡೋ ಸರ್ಕಾರಿ ಮನೆ ಹಿಂದಿನ ಗುಂಡೀಲಿ ಹಾಕ್ತಾರೆ, ಸುಣ್ಣ ಸುರಿದು. ಯೋಚ್ನೆ ಮಾಡು."

ಮೇನಸ್ ಕಾಗದ ತೆಗೆದುಕೊಂಡು ಪಾದ್ರಿಯ ಮನೆಗೆ ಹೋದ. ಫಾದರ್ ಮಕ್ಲಿಂಚಿ ಬಾಗಿಲು ತೆರೆದವರು ಎರಡು ಹೆಜ್ಜೆ ಹಿಂದೆ ಸರಿದು ಕೈಯಡ್ಡ ಹಿಡಿದರು. "ಅಲ್ಲೇ ನಿಂತು ಮಾತಾಡಪ್ಪ. ಹೊಂಡದ ವಾಸನೆ ಜಮಖಾನಕ್ಕೆ ಹತ್ತಿಬಿಡುತ್ತೆ." ಭಾನುವಾರದ ಪೂಜೆಯಲ್ಲೂ ಹಾಗೇ. ಅಂಗಡಿ ಇಟ್ಟವರು, ದನದ ವ್ಯಾಪಾರದವರು ಮುಂದಿನ ಬೆಂಚಿನಲ್ಲಿ. ಹೊಂಡಕ್ಕಿಳಿಯುವವರು ಇಗರ್ಜಿಯ ಬಾಗಿಲಾಚೆ, ಮಳೆ ಬಂದರೆ ಮಳೆಯಲ್ಲಿ.

"ಸಹಿ ಹಾಕ್ಬಿಡು ಮಗನೇ," ಎಂದರು ಫಾದರ್. "ಪವಿತ್ರ ಮಣ್ಣು ಸಿಗೋದು ಮುಖ್ಯ. ಸತ್ತವನಿಗೇನು, ಪಿಸ್ತೂಲಿತ್ತು ಅಂದ್ರೂ ಅಷ್ಟೇ, ಇರಲಿಲ್ಲ ಅಂದ್ರೂ ಅಷ್ಟೇ. ಆ ಬಂದೂಕಿನ ಹುಡುಗರನ್ನ ಕೆರಳಿಸೋ ಕೆಲಸ ಮಾತ್ರ ಮಾಡ್ಬೇಡ."

"ಅವ್ನು ಓಡ್ಲಿಲ್ಲ, ಫಾದರ್."

"ಗೊತ್ತಪ್ಪ," ಎಂದು ಫಾದರ್ ಬಾಗಿಲು ಹಾಕಿಕೊಂಡರು.

ಮನೆಯಲ್ಲಿ ಮೇನಸನ ಹೆಂಡತಿ ಬ್ರೀಜ್ ಹಾಸಿಗೆಗೆ ಬಿಳಿ ದುಪ್ಪಟ ಹಾಸಿ, ಹೆಣವಿಲ್ಲದ ಹಾಸಿಗೆಯ ತಲೆಯ ಕಡೆ ಮೇಣದಬತ್ತಿ ಹಚ್ಚಿಟ್ಟಿದ್ದಳು. ನೆರೆಯವರು ಗೋಡೆಗೊರಗಿ ಕೂತಿದ್ದರು. ಸತ್ತವನ ಪಕ್ಕ ಕೂತು ರಾತ್ರಿಯಿಡೀ ಎಚ್ಚರವಿರುವುದು ಊರ ಪದ್ಧತಿ. ಹೆಣವಿಲ್ಲದ ಜಾಗರಣೆಯಲ್ಲಿ ಹೇಗೆ ಅಳಬೇಕೆಂದು ಆ ಊರಿನವರಿಗೆ ಗೊತ್ತಿರಲಿಲ್ಲ.

ಬ್ರೀಜ್ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಗೀಟು ಎಳಿ, ಮೇನಸ್. ನಿನ್ ಕಾಲಿಗೆ ಬೀಳ್ತೀನಿ. ಈ ಮನೆ ಕ್ಯಾತ್‌ಕಾರ್ಟಂದು. ನಾಳೆ ಹೊರಗೆ ಹಾಕಿದ್ರೆ ಐದು ಮಕ್ಕಳನ್ನ ಯಾವ ಬೇಲಿ ಕೆಳಗೆ ಮಲಗಿಸ್ಲಿ?"

"ಎಳ್ದ್ರೆ ಅವ್ನನ್ನ ಎರಡನೇ ಸಲ ನಾನೇ ಕೊಂದಂಗೆ ಕಣೇ. ಮೊದಲ್ನೇ ಸಲ ಟೋಪಿ ತೆಗ್ದು ನಿಂತಿದ್ದೆ."

"ನಿನ್ ಟೋಪಿ ಹಾಳಾಗೋಗ್ಲಿ! ಚಿಕ್ಕವಳಿಗೆ ಕೆಮ್ಮು ಇನ್ನೂ ನಿಂತಿಲ್ಲ." ಅವಳು ಕಾಗದವನ್ನು ಅವನ ಕೈಯಿಂದ ಕಿತ್ತು ಮಡಿಲಿಗೆ ಸಿಕ್ಕಿಸಿಕೊಂಡಳು. "ನಾಳೆ ಸಂಜೆವರೆಗೂ ಟೈಮಿದೆ. ನಾನ್ ಇಟ್ಕೊಂಡಿರ್ತೀನಿ."

*

ಗುರುವಾರ ಬೆಳಿಗ್ಗೆ ಮೇನಸನೂ ಸೇರಿ ಎಂಟು ಜನ ಕ್ಯಾತ್‌ಕಾರ್ಟನ ದೊಡ್ಡ ಹೊಂಡಕ್ಕಿಳಿದರು. ಏಳು ಜನ ಕ್ಯಾಥೋಲಿಕರು, ಒಬ್ಬ ಪ್ರಾಟೆಸ್ಟಂಟ್, ಸ್ಯಾಮಿ ಪರ್ಡಿ. ಸ್ಯಾಮಿಗೂ ಅದೇ ನೀರು, ಅದೇ ಕಜ್ಜಿ. ಮಧ್ಯಾಹ್ನದ ಊಟ ಮಾತ್ರ ಅವನಿಗೆ ಕ್ಯಾತ್‌ಕಾರ್ಟನ ಅಡುಗೆಮನೆಯ ಮೇಜಿನ ಮೇಲೆ, ಉಳಿದವರಿಗೆ ಚರಂಡಿಯ ದಡದ ಮೇಲೆ.

ಅಗಸೆ ಕಡ್ಡಿಗಳನ್ನು ಸಿವುಡು ಸಿವುಡಾಗಿ ಕಟ್ಟಿ ನೀರಲ್ಲಿ ಮುಳುಗಿಸಿ, ತೇಲದ ಹಾಗೆ ಮೇಲೆ ಕಲ್ಲು ಹೇರಿ ಒಂಬತ್ತು ದಿನವಾಗಿತ್ತು. ಅದು ಕೊಳೆಯಬೇಕು, ಆದರೆ ಅಳತೆಯಾಗಿ. ಕಡ್ಡಿಯಿಂದ ನಾರು ಬಿಡುವ ದಿನ ಎತ್ತಿದರೆ ಚಿನ್ನ. ಒಂದು ದಿನ ತಡವಾದರೆ ಇಡೀ ಹೊಂಡ ಗಂಜಿ. ಆ ದಿನ ಯಾವುದೆಂದು ಒಂದು ಕಡ್ಡಿ ಮುರಿದು, ಮೂಸಿ ಹೇಳಬಲ್ಲವನು ಆ ಸೀಮೆಗೆಲ್ಲ ಮೇನಸ್ ಒಬ್ಬನೇ. ಅಂದು ಸುತ್ತಲಿನ ಎಲ್ಲ ಹೊಂಡಗಳಲ್ಲೂ ಎತ್ತುವ ಕೆಲಸವಿದ್ದುದರಿಂದ ಬೇರೆ ಆಳುಗಳು ಹುಡುಕಿದರೂ ಸಿಗುವಂತಿರಲಿಲ್ಲ.

ಮೊದಲು ಕಲ್ಲು ತೆಗೆದು ದಡದ ಮೇಲೆ ಪೇರಿಸಿದರು. ಸಿವುಡುಗಳು ಗುಳುಗುಳು ಎಂದು ಮೇಲೆದ್ದು ಬಂದವು. ಮೇನಸ್ ಒಂದು ಕಡ್ಡಿ ಮುರಿದು ನೋಡಿದ.

"ಏನೋ, ಆಯ್ತಾ?" ದಡದ ಮೇಲಿಂದ ಕ್ಯಾತ್‌ಕಾರ್ಟ್ ಕೂಗಿದ. ಭಾನುವಾರದ ಕರಿ ಕೋಟಿನ ಮನುಷ್ಯ, ಅವನ ಇಗರ್ಜಿಯಲ್ಲಿ ಹಿರಿಯ. ಹೊಂಡಕ್ಕೆ ಯಾವತ್ತೂ ಕಾಲಿಟ್ಟವನಲ್ಲ. ಪಕ್ಕದಲ್ಲಿ ಬಂದೂಕು ತೂಗುಹಾಕಿಕೊಂಡು ನಾರ್ಮನ್, ಅವನ ಇಬ್ಬರು ಗೆಳೆಯರು.

"ಆಯ್ತು, ಯಜಮಾನ್ರೇ. ಇವತ್ತು ಎತ್ತಿದ್ರೆ ಉಂಟು, ನಾಳೆ ಇಲ್ಲ."

"ಮತ್ತೇನ್ ನೋಡ್ತೀಯ ಮುಖ? ಎತ್ರೋ!"

ಮೇನಸ್ ಕೈ ಕಟ್ಟಿಕೊಂಡು ನಿಂತ. "ನನ್ ತಮ್ಮ ಮನೆಗೆ ಬರ್ಬೇಕು. ಓಡ್ದ, ಪಿಸ್ತೂಲು ಅನ್ನೋದೆಲ್ಲ ಇರ್ಕೂಡ್ದು. ಪೆಟ್ಟಿಗೆ ಮೇಲೆ ಹೆಸರು ಬರ್ದಿರ್ಬೇಕು, ಕೋನಲ್ ಡೆವನಿ ಅಂತ. ಅಲ್ಲೀವರೆಗೆ ಒಂದು ಸಿವುಡೂ ಮೇಲೆ ಬರಲ್ಲ."

ಕ್ಯಾತ್‌ಕಾರ್ಟನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವನ ಕುತ್ತಿಗೆ ಕೆಂಪೇರಿತು. "ಅನ್ನ ಹಾಕ್ದ ಕೈ ಕಚ್ತೀಯೇನೋ, ಸೂಳೆಮಗನೇ? ಏಯ್, ನೀವಿಬ್ರೂ ಹೋಗಿ ಇವ್ನ ಮನೆ ಖಾಲಿ ಮಾಡಿಸ್ರೋ! ಈಗ್ಲೇ!"

ಗೆಳೆಯರಿಬ್ಬರೂ ಗುಡ್ಡ ಹತ್ತಿ ಹೊರಟರು. ಉಳಿದ ಏಳು ಜನ ನೀರಲ್ಲಿ ಹಾಗೇ ನಿಂತಿದ್ದರು. ಯಾರ ಕೈಯೂ ಸಿವುಡಿನ ಮೇಲಿರಲಿಲ್ಲ.

"ಸ್ಯಾಮಿ, ನೀನಾದ್ರೂ ಎತ್ತೋ! ನೀನು ನಮ್ಮವನಲ್ವೇನೋ?"

"ಸೊಂಟ ಹಿಡ್ಕೊಂಡಿದೆ, ಯಜಮಾನ್ರೇ," ಎಂದ ಸ್ಯಾಮಿ, ನೀರು ನೋಡುತ್ತ.

ನಾರ್ಮನ್ ಬೂಟಿನ ಸಮೇತ ಹೊಂಡಕ್ಕೆ ಧುಮುಕಿದ. ಬಂದೂಕನ್ನು ತಿರುಗಿಸಿ ಹಿಡಿದು ಮೇನಸನ ದವಡೆಗೆ ಹೊಡೆದ. ಸೌದೆ ಮುರಿದಂಥ ಸದ್ದಾಯಿತು. ಮೇನಸ್ ಬೀಳಲಿಲ್ಲ, ಅವನ ಕಾಲರು ಹಿಡಿದುಕೊಂಡ. ನಾರ್ಮನ್ ಇನ್ನೊಂದು ಹೊಡೆದ, ಮತ್ತೊಂದು. ಹೊಂಡದ ಕರಿ ನೀರು ಕೆಂಪಾಗಿ, ಮತ್ತೆ ಕರಿಯಾಯಿತು. ಮೇನಸನ ಕೈ ಸಡಿಲವಾಗಿ ತಲೆ ನೀರೊಳಗೆ ಹೋಯಿತು. ನಾರ್ಮನ್ ಆ ತಲೆಯ ಮೇಲೆ ಬೂಟಿಟ್ಟು ಅದುಮಿದ.

"ಸಾಕು ಬಿಡೋ! ಒಬ್ಬ ಸಾಲ್ದೇನೋ ನಿಂಗೆ?" ಸ್ಯಾಮಿ ಅಡ್ಡ ಬಂದು ನಾರ್ಮನನನ್ನು ಎರಡೂ ಕೈಯಲ್ಲಿ ತಳ್ಳಿದ. ಬಗ್ಗಿ ಮೇನಸನನ್ನು ಎಳೆದು, ಅವನ ತಲೆಯನ್ನು ನೀರಿನ ಮೇಲೆ ತನ್ನ ಎದೆಗೆ ಆನಿಸಿಕೊಂಡ. ಮೇನಸನ ದವಡೆ ಪಕ್ಕಕ್ಕೆ ಜೋತುಬಿದ್ದಿತ್ತು. ಅವನು ಏನೋ ಹೇಳಲು ನೋಡಿದ. ಮಾತಿನ ಬದಲು ರಕ್ತದ ಗುಳ್ಳೆ ಬಂತು.

"ನಮ್ಮ ಕುಲಕ್ಕೆ ಹುಟ್ಟಿದ ಹುಳ ನೀನು," ಎಂದು ನಾರ್ಮನ್ ಸ್ಯಾಮಿಯ ಮುಖಕ್ಕೆ ಉಗಿದು ದಡ ಹತ್ತಿದ. ಅಪ್ಪ ಮಗ ಇಬ್ಬರೂ ಹುಲ್ಲೆತ್ತುವ ಕವೆಗೋಲು ತಂದು, ತೇಲುತ್ತಿದ್ದ ಸಿವುಡುಗಳನ್ನು ದಡದಿಂದಲೇ ಎಳೆಯತೊಡಗಿದರು. ಅಭ್ಯಾಸವಿಲ್ಲದ ಕೈಗಳು. ಆದರೂ ಒಂದು ಬಂತು, ಎರಡು ಬಂತು.

ಆಗ ಗುಡ್ಡದ ಮೇಲೆ ಹೊಗೆ ಎದ್ದಿತು.

ಕ್ಯಾತ್‌ಕಾರ್ಟ್ ಕವೆಗೋಲು ಕೆಳಗೆ ಹಾಕಿ ಬಾಯಿ ತೆರೆದು ನೋಡಿದ. "ಖಾಲಿ ಮಾಡ್ಸಿ ಅಂದ್ರೆ ಬೆಂಕಿ ಹಚ್ಚಿದ್ರೇನೋ? ಆ ಮನೆ ನಂದಲ್ವೇನೋ, ಕತ್ತೆಗಳಾ!"

ಗುಡ್ಡದಿಂದ ಬ್ರೀಜ್ ಇಳಿದು ಬರುತ್ತಿದ್ದಳು. ಕಂಕುಳಲ್ಲಿ ಕೆಮ್ಮುವ ಚಿಕ್ಕವಳು, ಹಿಂದೆ ನಾಲ್ಕು ಮಕ್ಕಳು, ಒಬ್ಬರ ಕಾಲಲ್ಲೂ ಏನೂ ಇಲ್ಲ. ಕೋನಲನಿಗಾಗಿ ಹಾಸಿದ್ದ ಬಿಳಿ ದುಪ್ಪಟವನ್ನು ದೊಡ್ಡ ಹುಡುಗಿ ಹೊದ್ದುಕೊಂಡಿದ್ದಳು, ಅಂಚು ಸುಟ್ಟಿತ್ತು. ಬ್ರೀಜಳ ಹುಬ್ಬು ಸೀದುಹೋಗಿತ್ತು. ಅವಳು ದಡಕ್ಕೆ ಬಂದು ಸ್ಯಾಮಿಯ ಎದೆಯ ಮೇಲಿದ್ದ ಗಂಡನ ಮುಖ ನೋಡಿದಳು. ಅದು ಮುಖದ ಹಾಗೆ ಇರಲಿಲ್ಲ.

"ಬ್ರೀಜ್, ನೋಡು," ಕ್ಯಾತ್‌ಕಾರ್ಟ್ ದನಿ ತಗ್ಗಿಸಿದ. "ಆಗಿದ್ದಾಯ್ತು. ಚಾವಣಿ ನಾನು ಹೊದಿಸ್ಕೊಡ್ತೀನಿ. ಸಾರ್ಜೆಂಟು ಕೊಟ್ಟ ಕಾಗದ ನಿಮ್ ಹತ್ರಾನೇ ಇದ್ಯಂತಲ್ಲ, ನೀನೇ ಗೀಟು ಎಳಿ. ಸಂಜೆಗೆ ಹೆಣ ನಿಮ್ದು. ಇವರಿಗೆ ಮಾತ್ರ ಹೇಳು, ಎತ್ಲಿ. ಹೊತ್ತಾಗ್ತಿದೆ."

ಅವಳು ಮಡಿಲಿನಿಂದ ಕಾಗದ ತೆಗೆದಳು. ನಿನ್ನೆಯಿಂದ ಅದನ್ನೇ ಕಾಪಾಡಿಕೊಂಡಿದ್ದಳು. ಬೆಂಕಿ ಬಿದ್ದಾಗ ಮಕ್ಕಳ ಬೆಚ್ಚನೆ ಬಟ್ಟೆಗೂ ಮೊದಲು ಅದು ಮಡಿಲಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡಿದ್ದಳು. ಈಗ ಅದರಲ್ಲೇ ಮಗುವಿನ ಮೂಗಿನ ಮಸಿ ಒರೆಸಿ ಕೆಳಗೆ ಬಿಸಾಡಿದಳು. ಮಗುವನ್ನು ದೊಡ್ಡ ಹುಡುಗಿಯ ಕೈಗೆ ಕೊಟ್ಟಳು. ರಾಶಿಯಿಂದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಹೊಟ್ಟೆಗೆ ಆನಿಸಿಕೊಂಡು ನೀರಿಗಿಳಿದಳು. ತೇಲುತ್ತಿದ್ದ ಸಿವುಡುಗಳ ಮೇಲೆ ಅದನ್ನು ಇಟ್ಟಳು. ಅವು ಗುಳುಗುಳು ಎಂದು ಮುಳುಗಿದವು.

"ಕೋನಲ್ ಡೆವನಿ," ಎಂದಳು, ನಾರ್ಮನನ ಕಡೆ ನೋಡಿ.

"ಏಯ್! ತೆಗಿಯೇ ಅದನ್ನ!" ಕ್ಯಾತ್‌ಕಾರ್ಟ್ ಕಿರುಚಿದ. "ನಾಳೆಗೆಲ್ಲ ಗಂಜಿ ಆಗೋಗತ್ತೆ ಕಣೇ!"

ಅವಳು ಇನ್ನೊಂದು ಕಲ್ಲು ತಂದಳು. ನೀರಲ್ಲಿದ್ದವರಲ್ಲಿ ಒಬ್ಬ ಮುಂದೆ ಬಂದು ಅದನ್ನು ಅವಳ ಕೈಯಿಂದ ಇಸಿದುಕೊಂಡು ಸಿವುಡಿನ ಮೇಲೆ ಹೇರಿದ. ಉಳಿದವರು ದಡದ ರಾಶಿಗೆ ಕೈ ಚಾಚಿದರು. ಕ್ಯಾತ್‌ಕಾರ್ಟ್ ಒಬ್ಬನ ಬೆರಳುಗಳ ಮೇಲೆ ಕವೆಗೋಲಿನಿಂದ ಹೊಡೆದ. ಆ ಮನುಷ್ಯ ನೋವಿಗೆ ಕೂಗಿ, ಇನ್ನೊಂದು ಕೈ ಚಾಚಿದ.

ನಾರ್ಮನ್ ಬಂದೂಕಿಗೆ ಗುಂಡು ಏರಿಸಿ ಬ್ರೀಜಳ ಎದೆಗೆ ಗುರಿ ಹಿಡಿದ. "ಇನ್ನೊಂದು ಮುಟ್ಟಿದ್ರೆ ನೋಡು! ದೇವರಾಣೆ ಹೊಡೀತೀನಿ! ನಿಂತ್ಕೊಳ್ಳೇ, ಬೋಸುಡಿ!"

ಬ್ರೀಜ್ ಅವನನ್ನೇ ನೋಡುತ್ತ ಮುಂದಿನ ಕಲ್ಲಿಗೆ ಬಗ್ಗಿದಳು.